ಹುಟ್ಟುಹಬ್ಬದ ಬಫೆ, ಸಾವಿರ ವರ್ಷದ ಪಂಗತಿ

(ನಮ್ಮ ವಾರದ ಇತಿಹಾಸ ಪಾಡ್‌ಕಾಸ್ಟ್‌ನ ಈ ಕಂತಿನ ಬರಹ ರೂಪ ಇಲ್ಲಿದೆ. ಮಾತಿನ ಧಾಟಿ ಹಾಗೇ ಉಳಿಸಿದ್ದೇವೆ.)

ಬಸ್ಸಿನಾಗ ಕಿಟಕಿ ಸೀಟು ಹಿಡಿದು ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ನಿದ್ದಿ ಬರಲಿ ಅಂತ ನನ್ನ ದನಿ ಹಚ್ಚಿಕೊಂಡು ಮಲಗಿರೋರಿಗೆ, ಎಲ್ಲರಿಗೂ ಸ್ವಾಗತ. ಪ್ರತಿ ವಾರ ಕೋಟೆಯಿಂದಲೋ ಶಾಸನದಿಂದಲೋ ಶುರು ಮಾಡ್ತೀನಿ. ಈ ವಾರ ಶುರುವಾಗೋದು ಒಂದು ವಾಟ್ಸಾಪ್ ಮೆಸೇಜಿನಿಂದ.

ಮೆಸೇಜ್ ಬಂದದ್ದು ನಮ್ಮೂರು ಐನಾಪುರದಿಂದ. ಕಲಬುರಗಿ ಜಿಲ್ಲೆ, ಚಿಂಚೋಳಿ ತಾಲ್ಲೂಕು. ಕಳಿಸಿದಾಕಿ ನಮ್ಮ ವೈನಿ. ಅಣ್ಣನ ಮಗಳಿಗೆ 4 ವರ್ಷ ತುಂಬೋದಿತ್ತು. ಚಿಂಚೋಳಿಯ ಕೇಟರಿಂಗ್‌ನವರು ಕೊಟ್ಟ ಮೆನು ಕಾರ್ಡಿನ ಫೋಟೋ, ಅದರ ಕೆಳಗೆ ಒಂದು ವಾಯ್ಸ್ ನೋಟ್.

"ನೀ ಇತಿಹಾಸ ಓದಿದಾಕಿ. ನೋಡಿ ಹೇಳು, ಇದರಾಗ ಯಾವುದು ಇಡೋದು, ಯಾವುದು ಬಿಡೋದು? ಇಲ್ಲಿ ಮನ್ಯಾಗ ಜಗಳ ನಡದದ."

ಕಾರ್ಡು ಓದಿದೆ. ಗೋಬಿ ಮಂಚೂರಿ, ವೆಜ್ ಬಿರ್ಯಾನಿ, ಪನ್ನೀರ್ ಮಸಾಲಾ, ರುಮಾಲಿ ರೋಟಿ, ಜೀರಾ ರೈಸ್, ದಾಲ್, ಗುಲಾಬ್ ಜಾಮೂನು, ಐಸ್‌ಕ್ರೀಂ. ಕೊನೆಗೆ "ಮಕ್ಕಳಿಗಾಗಿ ವಿಶೇಷ" ಅಂತ ಗುಲಾಬಿ ಬಣ್ಣದಲ್ಲಿ ಕಾಟನ್ ಕ್ಯಾಂಡಿ ಮಷಿನ್. 80 ಮಂದಿ, ಅದರಾಗ 30 ಮಕ್ಕಳು. ಬಫೆ ಸಿಸ್ಟಂ.

ಜಗಳ ಏನಪಾ ಅಂದ್ರೆ, ಅಣ್ಣನಿಗೆ ಬಫೆ ಬೇಕು, ಯಾಕಂದ್ರೆ ಈಗ ಎಲ್ಲರೂ ಅದೇ ಮಾಡ್ತಾರೆ. ನಮ್ಮ ಆಯಿಗೆ ಬೇಡ. "ನಿಂತು ತಿನ್ನೋದು ದನಕರಾ. ಮನಿಗೆ ಬಂದವರಿಗೆ ಕೂಡಿಸಿ ನೀಡಬೇಕು, ಹೋಳಿಗಿ ಮಾಡಬೇಕು" ಅಂತ ಆಕೆಯ ಹಟ. ವೈನಿಗೂ ಬಫೆ ಬೇಕು, ಆದರೆ ಅಣ್ಣನ ಕಾರಣಕ್ಕಲ್ಲ. ಆಕೆಯ ಕಾರಣ ಏನು ಅನ್ನೋದು ನನಗೆ ಗೊತ್ತಾದದ್ದು ಎರಡು ದಿನ ಆದಮೇಲೆ. ನಿಮಗೂ ಅದನ್ನ ಸ್ವಲ್ಪ ತಡವಾಗಿಯೇ ಹೇಳ್ತೀನಿ.

ಜನ್ಮದಿನವೇ ಇಲ್ಲದವರು

ಮೊದಲು ಹುಟ್ಟುಹಬ್ಬದ ಮಾತು. ನಮ್ಮ ಆಯಿಗೆ ಹುಟ್ಟಿದ ತಾರೀಖು ಇಲ್ಲ. ಕೇಳಿದ್ರೆ "ನಾ ರಜಾಕಾರರ ಗದ್ದಲದಾಗ ಹುಟ್ಟೀನಿ" ಅಂತಾಳೆ. ಅಂದ್ರೆ ನಮ್ಮ ಭಾಗ ಇನ್ನೂ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲ. ಆ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಅದರ ಆಚೀಚೆ ಆಕೆಯ ಹುಟ್ಟು. ಆಕೆಗೆ ಅಷ್ಟು ಲೆಕ್ಕ ಸಾಕು. 1972ರ ಬರದ ವರ್ಷ ಹುಟ್ಟಿದವರು, ಮಳಿ ಜೋರಾದ ವರ್ಷ ಹುಟ್ಟಿದವರು ಅಂತ ಊರಿನ ಕ್ಯಾಲೆಂಡರೇ ಬೇರೆ.

ಅದರ ಮುಂದಿನ ತಲೆಮಾರಿಗೆ ಒಂದು ತಾರೀಖು ಸಿಕ್ಕಿತು, ಆದರೆ ಅದು ಮಾಸ್ತರರು ಕೊಟ್ಟದ್ದು. ಕರ್ನಾಟಕದಲ್ಲಿ ನಿಮ್ಮ ಅಪ್ಪ, ಅವ್ವ, ಕಾಕಾ ಇವರ ಆಧಾರ್ ಕಾರ್ಡು ತೆಗೆದು ನೋಡ್ರಿ, ಎಷ್ಟು ಮಂದಿ ಜೂನ್ 1ಕ್ಕೆ ಹುಟ್ಟಿದವರು ಸಿಗ್ತಾರೆ ಅಂತ. ಜೂನ್‌ನಲ್ಲಿ ಶಾಲೆ ಶುರು, ದಾಖಲಾತಿಗೆ ತಾರೀಖು ಬೇಕು. ಮಾಸ್ತರರು ಹುಡುಗನ ಎತ್ತರ ನೋಡಿ ವರ್ಷ ಬರೆದರು, ತಿಂಗಳಿಗೆ ಜೂನ್ 1 ಹಾಕಿದರು. ನಮ್ಮಪ್ಪನದೂ ಅದೇ. ಜನನ ಮರಣ ನೋಂದಣಿಗೆ ಇಡೀ ದೇಶಕ್ಕೆ ಒಂದೇ ಕಾಯ್ದೆ ಬಂದದ್ದೇ 1969ರಲ್ಲಿ.

ಹಾಗಂತ ಕೂಸಿನ ಹೆಸರಲ್ಲಿ ಊಟ ಇರಲಿಲ್ಲ ಅಂತಲ್ಲ. ತೊಟ್ಟಿಲ ಕಾರ್ಯ ಇತ್ತು, ಹೆಸರಿಟ್ಟು ಗುಗ್ಗರಿ ಹಂಚೋದು. ಜಾವಳ ಇತ್ತು. ಇವೆಲ್ಲ ಜೀವನದಲ್ಲಿ ಒಂದೊಂದೇ ಸಲ. ಪ್ರತಿ ವರ್ಷ ಹುಟ್ಟಿದ ದಿನ ಮಾಡೋದು ಅರಮನೆಯವರ ಕೆಲಸ. ಉರ್ದುವಿನಲ್ಲಿ ಹುಟ್ಟುಹಬ್ಬಕ್ಕೆ ಸಾಲ್‌ಗಿರಾ ಅಂತಾರೆ, ಅಂದ್ರೆ ವರ್ಷದ ಗಂಟು. ವರ್ಷಕ್ಕೊಂದು ಗಂಟು ದಾರಕ್ಕೆ ಹಾಕಿ ವಯಸ್ಸು ಎಣಿಸೋ ಪದ್ಧತಿಯಿಂದ ಬಂದ ಮಾತು. ಮೊಗಲ್ ದೊರೆಗಳು ಆ ದಿನ ಚಿನ್ನ ಬೆಳ್ಳಿಗೆ ತಮ್ಮನ್ನೇ ತೂಗಿಸಿಕೊಳ್ತಿದ್ರು. ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ 1617ರಲ್ಲಿ ಜಹಾಂಗೀರನ ತುಲಾಭಾರ ಕಣ್ಣಾರೆ ನೋಡಿ ಬರೆದಿಟ್ಟಿದ್ದಾನೆ.

ಕೇಕಿನ ಮೇಲೆ ಮೇಣದಬತ್ತಿ ಹಚ್ಚೋದು 18ನೇ ಶತಮಾನದ ಜರ್ಮನಿಯ ಮಕ್ಕಳ ಹಬ್ಬದಿಂದ ಬಂದದ್ದು. ನಮ್ಮ ದೇಶದ ಬೇಕರಿಯ ಕೇಕಿನ ಕತೆ ಹೇಳೋರು ಕೇರಳದ ತಲಶೇರಿಗೆ ಹೋಗ್ತಾರೆ. 1883ರಲ್ಲಿ ಮಾಂಬಳ್ಳಿ ಬಾಪು ಅನ್ನೋ ಬಿಸ್ಕೀಟು ವ್ಯಾಪಾರಿ ಒಬ್ಬ ಬ್ರಿಟಿಷ್ ಗಿರಾಕಿಗೋಸ್ಕರ ಕ್ರಿಸ್‌ಮಸ್ ಕೇಕು ಮಾಡಿದ ಅಂತ ಅಲ್ಲಿ ಹೆಮ್ಮೆಯಿಂದ ಹೇಳ್ತಾರೆ. ಅಲ್ಲಿಂದ ಐನಾಪುರದ ನಮ್ಮ ಮನಿ ಅಂಗಳಕ್ಕೆ ಕೇಕು ಬರೋಕೆ ನೂರು ವರ್ಷದ ಮೇಲೆ ಬೇಕಾಯ್ತು. ನನಗೆ ಸಣ್ಣಾಕಿದ್ದಾಗ ಹುಟ್ಟುಹಬ್ಬ ಅಂದ್ರೆ ಶಾಲೆಯಲ್ಲಿ ಚಾಕಲೇಟು ಹಂಚೋದು, ಅಷ್ಟೇ.

ಬಫೆ ಅನ್ನೋ ಬೀರು

ಇನ್ನು ಬಫೆ. ಇದು ಫ್ರೆಂಚ್ ಮಾತು. ಮೂಲದಲ್ಲಿ ಊಟದ ಹೆಸರೇ ಅಲ್ಲ, ಊಟದ ಕೋಣೆಯ ಗೋಡೆಗೆ ಹಚ್ಚಿ ಇಡೋ ಉದ್ದನೆಯ ಮೇಜು, ಪಾತ್ರೆ ಇಡೋ ಬೀರು. ಅದರ ಮೇಲಿಟ್ಟ ತಿಂಡಿಗೂ ಕೊನೆಗೆ ಅದೇ ಹೆಸರು ಅಂಟಿತು. ಸ್ವೀಡನ್ನಿನವರು ಒಂದೇ ಮೇಜಿನ ಮೇಲೆ ಹತ್ತಾರು ಪದಾರ್ಥ ಇಟ್ಟು ಬೇಕಾದ್ದು ಎತ್ತಿಕೊಳ್ಳೋ ತಮ್ಮ ಪದ್ಧತಿಯನ್ನ 1939ರ ನ್ಯೂಯಾರ್ಕ್ ಜಾಗತಿಕ ಮೇಳದಲ್ಲಿ ತೋರಿಸಿದರು. ಅಮೆರಿಕದವರಿಗೆ ಹುಚ್ಚು ಹಿಡೀತು. 1940ರ ದಶಕದಲ್ಲಿ ಲಾಸ್ ವೇಗಸ್‌ನ ಜೂಜುಕಟ್ಟೆಗಳು ಅದನ್ನ ಎತ್ತಿಕೊಂಡವು. ಹಸಿದ ಜೂಜುಕೋರ ಊಟಕ್ಕೆ ಅಂತ ಹೊರಗೆ ಹೋದ್ರೆ ವಾಪಸ್ ಬರ್ತಾನೋ ಇಲ್ಲೋ? ಅದಕ್ಕೆ ಕಡಿಮೆ ದುಡ್ಡಿಗೆ ಎಷ್ಟು ಬೇಕಾದ್ರೂ ತಿನ್ನು, ಇಲ್ಲೇ ಇರು ಅಂತ.

ನಮ್ಮಲ್ಲಿ ಅದು ದೊಡ್ಡ ಹೋಟೆಲು, ಕ್ಲಬ್ಬು, ಪಟ್ಟಣದ ಕಲ್ಯಾಣ ಮಂಟಪ ದಾಟಿ ಹಳ್ಳಿಗೆ ಬಂತು. ಬಂದಾಗ ಹಿರಿಯರು ಮಾಡಿದ ಜೋಕು ನಿಮಗೂ ಗೊತ್ತಿರಬೇಕು: "ಇದು ಬಫೆ ಅಲ್ಲೋ ತಮ್ಮಾ, ಬಫೆಲೋ ಸಿಸ್ಟಂ." ಆಯಿಯ ದನಕರದ ಮಾತು ಅದೇ ಜೋಕಿನ ಅಕ್ಕ.

ಆದರೆ ಆಯಿ ಹೇಳೋ "ಕೂಡಿಸಿ ನೀಡೋದು", ಅಂದ್ರೆ ಪಂಗತಿ, ಅದರ ಇತಿಹಾಸ ಏನು? ಆಯಿಗೆ ಅದು ಮರ್ಯಾದೆ. ಸರಿ. ಆದರೆ ಯಾರಿಗೆ ಮರ್ಯಾದೆ ಅಂತ ಕೇಳಿಕೊಂಡ್ರೆ, ನಮ್ಮ ಪಕ್ಕದ ತಾಲ್ಲೂಕಿಗೇ ಹೋಗಬೇಕಾಗ್ತದೆ.

ನೂರು ಮಂದಿ, ನೂರು ತಾಟು

ಸೇಡಂ ತಾಲ್ಲೂಕಿನ ಮಳಖೇಡ ನೋಡೀರಲ್ಲ? ಕಾಗಿಣಾ ದಂಡೆ, ಒಂದು ಪಾಳುಬಿದ್ದ ಕೋಟೆ. ಅದು ಒಂದು ಕಾಲಕ್ಕೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ ಆಳಿದ್ದು ಇಲ್ಲಿಂದ, ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಅರಬ್ ವ್ಯಾಪಾರಿಗಳು ಈ ದೊರೆಗಳನ್ನ ಬಲ್ಹರಾ ಅಂತಿದ್ರು. ಕ್ರಿ.ಶ. 851ರ ಒಂದು ಅರಬ್ಬೀ ಗ್ರಂಥ ಬಲ್ಹರಾನನ್ನ ಲೋಕದ ನಾಲ್ಕು ದೊಡ್ಡ ರಾಜರಲ್ಲಿ ಒಬ್ಬ ಅಂತ ಎಣಿಸ್ತದೆ.

ಆ ಗ್ರಂಥಕ್ಕೆ 10ನೇ ಶತಮಾನದ ಶುರುವಿನಲ್ಲಿ ಅಬು ಜೈದ್ ಅನ್ನೋನು ಒಂದು ಭಾಗ ಸೇರಿಸಿದ. ಇವನು ಪರ್ಷಿಯನ್ ಕೊಲ್ಲಿಯ ಸಿರಾಫ್ ಬಂದರಿನವನು. ಅವನು ಭಾರತದಿಂದ ಅಲ್ಲಿಗೆ ಬರ್ತಿದ್ದ ಕೆಲವು ವ್ಯಾಪಾರಿಗಳ ಬಗ್ಗೆ ಬರೀತಾನೆ: ಇವರಲ್ಲಿ ಇಬ್ಬರು ಒಂದೇ ತಟ್ಟೆಯಲ್ಲಿ, ಒಂದೇ ಹಾಸಿನ ಮೇಲೆ ಉಣ್ಣೋದಿಲ್ಲ. ಅದನ್ನ ದೊಡ್ಡ ಅವಮಾನ ಅಂತ ತಿಳೀತಾರೆ. ಸಿರಾಫಿನ ಸಾಹುಕಾರ ಯಾರಾದರೂ ಇವರನ್ನ ದಾವತ್ತಿಗೆ ಕರೆದರೆ, ನೂರು ಮಂದಿ ಇದ್ದರೂ ನೂರು ಬೇರೆ ಬೇರೆ ತಾಟು ಇಡಲೇಬೇಕು.

ಒಂದು ದೊಡ್ಡ ತಾಟಿನ ಸುತ್ತ ಎಲ್ಲರೂ ಕೂತು ಉಣ್ಣೋ ಊರಿನ ಸಾಹುಕಾರನಿಗೆ ಇದು ಎಂಥ ತಲೆನೋವು ನೋಡ್ರಿ! ಸಾವಿರ ವರ್ಷದ ಹಿಂದಿನ ಕೇಟರಿಂಗ್ ಸಮಸ್ಯೆ. ಭಾರತದ ರಾಜರು ತೆಂಗಿನ ಗರಿಯಲ್ಲಿ ಹೆಣೆದ ತಟ್ಟೆಯಲ್ಲಿ ಉಂಡು, ಉಂಡಾದ ಮೇಲೆ ನೀರಿಗೆ ಎಸೀತಾರೆ ಅಂತಲೂ ಅವನು ಬರೀತಾನೆ. ನಮ್ಮ ಯೂಸ್ ಆಂಡ್ ಥ್ರೋ ಪ್ಲೇಟು ಅಷ್ಟು ಹಳೇದು.

ಇಲ್ಲಿ ಪ್ರಶ್ನೆ ಸ್ವಚ್ಛತೆಯದ್ದಲ್ಲ. ಯಾರ ಜೊತೆ ಉಂಡೆ, ಯಾರ ಕೈಯಿಂದ ಉಂಡೆ ಅನ್ನೋದೇ ನೀನು ಯಾರು ಅನ್ನೋದನ್ನ ಹೇಳ್ತಿತ್ತು. ಪಂಗತಿ ಅಂದ್ರೆ ಬರೀ ಸಾಲಲ್ಲ, ಪಟ್ಟಿ. ಮೊದಲ ಪಂಗತಿ ಯಾರದು, ಕೊನೆಯದು ಯಾರದು, ಒಳಗೆ ಯಾರು, ಅಂಗಳದಲ್ಲಿ ಯಾರು, ಹಿತ್ತಲಿನಲ್ಲಿ ಕೈಯೊಡ್ಡಿ ನಿಲ್ಲೋರು ಯಾರು. ಊಟ ಮುಗಿಯೋದರೊಳಗೆ ಇಡೀ ಊರಿನ ನಕ್ಷೆ ಕಾಣ್ತಿತ್ತು.

ಈ ಪಟ್ಟಿಯನ್ನ ಹರಿಯೋಕೆ ನೋಡಿದವರೂ ನಮ್ಮ ಸುತ್ತಮುತ್ತಲಿನವರೇ. 12ನೇ ಶತಮಾನದ ಕಲ್ಯಾಣ, ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಬಸವಣ್ಣ ಮತ್ತು ಶರಣರು ದಾಸೋಹ ಅನ್ನೋ ಮಾತಿಗೆ ಹೊಸ ತೂಕ ಕೊಟ್ಟರು. ನೀಡೋನು ದೊಡ್ಡವನಲ್ಲ, ಉಣ್ಣೋನು ಸಣ್ಣವನಲ್ಲ, ದುಡಿದು ತಂದದ್ದನ್ನ ಕೂಡಿ ಉಣ್ಣೋದು. ಹರಳಯ್ಯ ಮತ್ತು ಮಧುವರಸರ ಮನೆತನಗಳ ನಡುವೆ ಆದ ಮದುವೆಯ ನಂತರ ಕಲ್ಯಾಣ ಹೊತ್ತಿ ಉರಿದ ಕತೆ ನಿಮಗೆಲ್ಲ ಗೊತ್ತು. ದಾಸೋಹ ಮಾತ್ರ ಉಳೀತು. ಕಲಬುರಗಿಯ ಶರಣಬಸವೇಶ್ವರರ ಹೆಸರು ಹೇಳಿದರೆ ಇವತ್ತಿಗೂ ಜನಕ್ಕೆ ಮೊದಲು ನೆನಪಾಗೋದು ದಾಸೋಹವೇ.

ಯಾವುದು ನಮ್ಮದು?

ಇಷ್ಟೊತ್ತಿಗೆ ವೈನಿಯ ಎರಡನೇ ಮೆಸೇಜ್ ಬಂತು. "ಇತಿಹಾಸ ಸಾಕು, ಮೆನು ಹೇಳು."

ಸರಿ, ಮೆನು. ಆಯಿಯ ವಾದ: ಮಂಚೂರಿ, ಪನ್ನೀರು ಎಲ್ಲ ಪರದೇಶದ್ದು, ನಮ್ಮದು ಹೋಳಿಗಿ, ರೊಟ್ಟಿ, ಶೇಂಗಾ ಹಿಂಡಿ, ಎಣಗಾಯಿ, ಮಿರ್ಚಿ ಭಜಿ. ನಾನು ನಕ್ಕೆ. ಶೇಂಗಾ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿಯೂ ಅಮೆರಿಕ ಖಂಡದ್ದೇ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು, 1498ರ ನಂತರ. ಬಟಾಟಿ, ಟೊಮ್ಯಾಟೊ ಅದೇ ದಾರಿ. ನಮ್ಮ ಮಿರ್ಚಿ ಭಜಿ ಬಸವಣ್ಣನವರಿಗೆ ಗೊತ್ತೇ ಇರಲಿಲ್ಲ.

ಹಾಗಾದ್ರೆ ಆ ಕಾಲದವರು ಏನು ತಿಂತಿದ್ರು? ಅದೃಷ್ಟಕ್ಕೆ ಒಂದು ಮೆನು ಕಾರ್ಡು ಉಳಿದಿದೆ. ಅದೇ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಹೊತ್ತಿಗೆ ಮಾನಸೋಲ್ಲಾಸ ಅನ್ನೋ ಸಂಸ್ಕೃತ ಗ್ರಂಥ ಬರೆಸಿದ. ಅದರಲ್ಲಿ ಅನ್ನಭೋಗ ಅಂತ ಒಂದು ಭಾಗ, ಪೂರಾ ಅಡುಗೆ. ಅಲ್ಲಿ ಇಡ್ಡರಿಕಾ ಇದೆ, ನಮ್ಮ ಇಡ್ಲಿಯ ಮುತ್ತಜ್ಜಿ. ಆದರೆ ಅಕ್ಕಿ ಇಲ್ಲ, ಬರೀ ಉದ್ದಿನ ಹಿಟ್ಟು, ಮೇಲೆ ಮೆಣಸು ಜೀರಿಗೆ ಇಂಗು. ದೋಸಕಾ ಇದೆ, ವಡಿಕಾ ಇದೆ, ಪೂರಿಕಾ ಇದೆ. ಖಾರಕ್ಕೆ ಕಾಳುಮೆಣಸು. ಹೊಲದ ಇಲಿಯನ್ನ ಸುಟ್ಟು ಹುರಿಯೋ ವಿಧಾನವೂ ಇದೆ! ಇದನ್ನ ನಾನು ಅಣ್ಣನ ಮಗಳಿಗೆ ಫೋನಿನಲ್ಲಿ ಹೇಳಿದೆ. "ಅತ್ತಿ, ನನ್ನ ಬರ್ತ್‌ಡೇಗೆ ಇಲಿ ಬ್ಯಾಡ" ಅಂದಳು. ಅಲ್ಲಿಗೆ ಮೆನುವಿನಿಂದ ಒಂದು ಪದಾರ್ಥ ತೆಗೆದಾಯ್ತು.

ಮತ್ತೆ ಗೋಬಿ ಮಂಚೂರಿ. ಮಂಚೂರಿಯಾಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಕೋಲ್ಕತ್ತದ ಚೀನೀ ಮನೆತನದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ ಹಾಕಿ, ಗರಂ ಮಸಾಲೆ ಬದಲು ಸೋಯಾ ಸಾಸ್ ಸುರಿದು ಚಿಕನ್ ಮಂಚೂರಿಯನ್ ಮಾಡಿದರು. ಚಿಕನ್ ಹೋಗಿ ಹೂಕೋಸು ಬಂತು, ಕರ್ನಾಟಕದ ಪ್ರತಿ ತಾಲ್ಲೂಕಿನ ಬಸ್ ಸ್ಟ್ಯಾಂಡಿನ ಮುಂದೆ ಒಂದು ಗಾಡಿ ನಿಂತಿತು. ಆ ಹೂಕೋಸು ಕೂಡ ಭಾರತಕ್ಕೆ ಬಂದದ್ದು 1822ರಲ್ಲಿ, ಇಂಗ್ಲೆಂಡಿನಿಂದ, ಕಂಪನಿ ಸರಕಾರದ ಸಹರಾನ್‌ಪುರ ತೋಟಕ್ಕೆ. ಅಂದ್ರೆ ಮಂಚೂರಿ ಪರದೇಶದ್ದೂ ಅಲ್ಲ, ಪೂರಾ ನಮ್ಮದೂ ಅಲ್ಲ. ಆಯಿಯ ಶೇಂಗಾ ಹಿಂಡಿಯ ಹಾಗೆಯೇ.

ಇಡೀ ಮೆನುವಿನಲ್ಲಿ ಗಟ್ಟಿಯಾಗಿ ಈ ಮಣ್ಣಿನದು ಅನ್ನಬಹುದಾದದ್ದು ಕೇಟರಿಂಗ್‌ನವರು ಒಂದೇ ಪದದಲ್ಲಿ ಮುಗಿಸಿದ್ದ "ದಾಲ್". ತೊಗರಿ! ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಶಹಾಬಾದದ ಪರಸಿ ಕಲ್ಲು, ವಾಡಿ ಸೇಡಂನ ಸಿಮೆಂಟು ಯಾವ ಸುಣ್ಣದ ಕಲ್ಲಿನಿಂದ ಬರ್ತಾವೋ, ಅದೇ ಸುಣ್ಣದಂಶದ ಕರಿಮಣ್ಣಿನಲ್ಲಿ ಈ ತೊಗರಿ ಬೆಳೀತದೆ.

ಗುಲಾಬಿ ಬಣ್ಣ

ಹಾಗಾಗಿ "ನಮ್ಮದು, ಪರದೇಶದ್ದು" ಅನ್ನೋ ತಕ್ಕಡಿಯನ್ನ ಬದಿಗಿಟ್ಟೆ. 4 ವರ್ಷದ ಮಗುವಿನ ಬಫೆಗೆ ಬೇಕಾದ ತಕ್ಕಡಿ ಬೇರೆ.

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕೋದನ್ನ ನಿಷೇಧಿಸಿತು. ತಪಾಸಣೆ ಮಾಡಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107ರಲ್ಲಿ, ಕಾಟನ್ ಕ್ಯಾಂಡಿಯ 25 ಮಾದರಿಗಳಲ್ಲಿ 15ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಅದರಲ್ಲೊಂದು ರೋಡಮೈನ್-ಬಿ, ಬಟ್ಟೆಗೆ ಹಾಕೋ ಬಣ್ಣ. ಅದೇ ವರ್ಷ ಜೂನ್‌ನಲ್ಲಿ ಕಬಾಬಿನ ಬಣ್ಣಕ್ಕೂ ನಿಷೇಧ ಬಂತು. ಗಮನಿಸ್ರಿ, ನಿಷೇಧ ಬಣ್ಣಕ್ಕೆ. ಬಣ್ಣ ಹಾಕದ ಬಿಳಿ ಕಾಟನ್ ಕ್ಯಾಂಡಿಗೆ, ಬಣ್ಣ ಹಾಕದ ಮಂಚೂರಿಗೆ ಅಡ್ಡಿ ಇಲ್ಲ.

ನಾವು ಬಾಂಬೆ ಮಿಠಾಯಿ ಅಂತಿದ್ದ ಈ ಕಾಟನ್ ಕ್ಯಾಂಡಿಯ ಮಷಿನ್ನನ್ನ 1897ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದ ಇಬ್ಬರಲ್ಲಿ ಒಬ್ಬ ಹಲ್ಲಿನ ಡಾಕ್ಟರು. ಗಿರಾಕಿ ಹುಡುಕಿಕೊಳ್ಳೋ ಜಾಣತನ ಅಂದ್ರೆ ಇದು!

ವೈನಿಗೆ ಹೇಳಿದೆ: ಮಂಚೂರಿ ಇರಲಿ, ಮಕ್ಕಳಿಗೆ ಇಷ್ಟ. ಆದರೆ ಬಣ್ಣ ಹಾಕಬಾರದು, ಕಂದು ಬಣ್ಣದ್ದೇ ಸಾಕು, ಖಾರ ಕಡಿಮೆ ಅಂತ ಮೊದಲೇ ಮಾತಾಡು. ಗುಲಾಬಿ ಮಷಿನ್ ಬೇಡ. ದ್ರಾಕ್ಷಿ ಇಟ್ಟರೆ ಉದ್ದಕ್ಕೆ ಸೀಳಿ ಇಡು. ಇಡೀ ಶೇಂಗಾ ಬೀಜ ಮಕ್ಕಳ ಕೈಗೆ ಸಿಗಬಾರದು, 5 ವರ್ಷದೊಳಗಿನವರ ಗಂಟಲಿಗೆ ಅದು ಸಿಕ್ಕಿಕೊಳ್ತದೆ. ಹಿಂಡಿ ನಡೀತದೆ, ಆದರೆ ಯಾವ ಮಗುವಿಗಾದರೂ ಶೇಂಗಾ ಆಗಿಬರೋದಿಲ್ಲವೇ ಅಂತ ತಾಯಂದಿರನ್ನ ಕೇಳು. ಪಾಯಸ, ಮೊಸರನ್ನದಂಥದ್ದು ಹೊತ್ತೇರಿ ಬಿಸಿಲಲ್ಲಿ ಕೂತರೆ ಕೆಡ್ತದೆ, ಅದಕ್ಕೆ ಕೊನೆಗೆ ಹೊರಗೆ ತೆಗಿ. ಮತ್ತೆ ಅನ್ನ, ತೊಗರಿ ಬೇಳೆ ಕಟ್ಟಿನ ಸಾರು, ತುಪ್ಪ, ಸಣ್ಣ ಸಣ್ಣ ಹೂರಣದ ಹೋಳಿಗಿ. 4 ವರ್ಷದ ಕೂಸು ನಿಜವಾಗಿ ಹೊಟ್ಟೆತುಂಬ ಉಣ್ಣೋದು ಇಷ್ಟೇ.

"ಆಯ್ತು" ಅಂದಳು ವೈನಿ. ಆಮೇಲೆ ಸುಮ್ಮನಾದಳು. ಆಮೇಲೆ ಹೇಳಿದಳು, ತನಗೆ ಬಫೆ ಯಾಕೆ ಬೇಕು ಅಂತ.

ಹತ್ತು ಡಬ್ಬಿ

ಅಣ್ಣನ ಮಗಳ ಅಂಗನವಾಡಿಯಲ್ಲಿ ಎಲ್ಲ ಓಣಿಯ ಮಕ್ಕಳೂ ಬರ್ತಾರೆ. ಆಕೆ ಎಲ್ಲರನ್ನೂ ಕರೆದುಬಿಟ್ಟಿದ್ದಳು. ಹುಟ್ಟುಹಬ್ಬ ಇರೋದು ತನಗೇ ತಾನೆ. ಆಯಿ ಹೆಸರು ಎಣಿಸಿ ನೋಡಿದಳು. ಊರ ಆಚೆಯ ಓಣಿಯ ಮಕ್ಕಳೂ ಇದ್ದರು. ಆಯಿ ಬೈಲಿಲ್ಲ, ಬರಬೇಡ್ರಿ ಅಂತಲೂ ಅನ್ನಲಿಲ್ಲ. ಮೆತ್ತಗೆ ಅಂದಳು: "ಅವುಕ್ಕ ಡಬ್ಬಿಯಾಗ ಹಾಕಿ ಕೊಡ್ರಿ. ಮನಿಗಿ ಒಯ್ದು ಆರಾಮ ಉಣ್ತಾವ." ಅಣ್ಣ ಪೇಟೆಗೆ ಹೋದಾಗ 10 ಪ್ಲಾಸ್ಟಿಕ್ ಡಬ್ಬಿ ತಂದೂ ಬಿಟ್ಟಿದ್ದ.

ವೈನಿ ನನಗೆ ಅಂದಳು, "ಬಫೆ ಇದ್ರ ಯಾರನ್ನೂ ಬ್ಯಾರೆ ಕೂಡಿಸ್ಲಾಕ ಆಗಲ್ಲ. ಕೂಡಿಸೋದೇ ಇಲ್ಲಲ್ಲ. ಯಾರು ಮೊದಲು ಬಂದ್ರೋ ಅವರ ಕೈಯಾಗ ತಾಟು."

ಬಫೆ ಬಗ್ಗೆ ನಾನು ಓದಿದ ಯಾವ ಪುಸ್ತಕದಲ್ಲೂ ಈ ಮಾತು ಇರಲಿಲ್ಲ. ಸ್ವೀಡನ್ನಿನವರಿಗೆ ಅದು ವೈಭವ, ಲಾಸ್ ವೇಗಸ್‌ನವರಿಗೆ ವ್ಯಾಪಾರ, ಅಣ್ಣನಿಗೆ ಫ್ಯಾಶನ್. ವೈನಿಗೆ ಅದು ಪಂಗತಿಯಿಂದ ಪಾರಾಗೋ ದಾರಿ.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ ತೆಗೆದುಹಾಕಿದೆ. 1955ರಲ್ಲಿ ಅದಕ್ಕೆ ಶಿಕ್ಷೆಯ ಕಾಯ್ದೆಯೂ ಬಂತು. ಆದರೆ ಡಬ್ಬಿಯಲ್ಲಿ ಹಾಕಿ ಕೊಡೋದನ್ನ ಅಸ್ಪೃಶ್ಯತೆ ಅಂತ ಯಾರು ಅಂತಾರೆ? ಅದು ಉಪಕಾರದ ಹಾಗೆ ಕಾಣ್ತದೆ. ನಗ್ತಾ ಕೊಡಬಹುದು.

ಇಲ್ಲಿ ನನ್ನದೂ ಒಂದು ಮಾತು ಹೇಳಬೇಕು. ಶಾಲೆಯ ಮಕ್ಕಳಿಗೆ ಬೇಯಿಸಿದ ಊಟ ಕೊಡ್ರಿ ಅಂತ ಸುಪ್ರೀಂ ಕೋರ್ಟು 2001ರ ನವೆಂಬರ್‌ನಲ್ಲಿ ಆದೇಶ ಮಾಡಿತು. ಕರ್ನಾಟಕದಲ್ಲಿ ಅದು 2002ರಲ್ಲಿ ಮೊದಲು ಶುರುವಾದದ್ದು ನಮ್ಮ ಕಡೆಯ 7 ಜಿಲ್ಲೆಗಳಲ್ಲಿ. ಹೆಸರು ಅಕ್ಷರ ದಾಸೋಹ. ಕಲ್ಯಾಣದ ಮಾತು ನೋಡ್ರಿ, ಎಲ್ಲಿಂದ ಎಲ್ಲಿಗೆ ಬಂತು. ನಾನು ಆಗ ಎರಡನೇ ಈಯತ್ತೆ. ವರಾಂಡದಲ್ಲಿ ಒಂದೇ ಸಾಲಿನಲ್ಲಿ ಕೂತು ಅನ್ನ ಸಾರು ಉಂಡ ತಲೆಮಾರು ನಮ್ಮದು. ಎಡಕ್ಕೆ ಯಾರು, ಬಲಕ್ಕೆ ಯಾರು ಅಂತ ನಾವು ನೋಡಲಿಲ್ಲ. ಆದರೆ ಮನಿಗೆ ಬಂದ ಮೇಲೆ ಆಯಿ ನನ್ನನ್ನ ಹಿತ್ತಲಿನಲ್ಲಿ ನಿಲ್ಲಿಸಿ, ಕೈಕಾಲು ತೊಳಿಸಿ, ಅಂಗಿ ಬಿಚ್ಚಿಸಿ ಒಳಗೆ ಬಿಡ್ತಿದ್ದಳು. ಧೂಳು ಅದ ಅಂತಿದ್ದಳು. ನಾನೂ ಧೂಳೇ ಅಂತ ತಿಳ್ಕೊಂಡಿದ್ದೆ. ಬಹಳ ವರ್ಷ.

2021ರ ಡಿಸೆಂಬರ್‌ನಲ್ಲಿ ಅದೇ ಬಿಸಿಯೂಟಕ್ಕೆ ಮೊಟ್ಟೆ ಬಂತು. ನಮ್ಮ ಭಾಗದ ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚು ಅಂತ ಮೊದಲು ಇಲ್ಲಿಯ ಜಿಲ್ಲೆಗಳಿಗೇ ಕೊಟ್ಟರು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಅದರ ಮೇಲೆ ದೊಡ್ಡ ಗಲಾಟೆ ಆಯ್ತು. ಮಕ್ಕಳು ಮಾತ್ರ ತಮಗೆ ಬೇಕಾದ್ದು ತಗೊಂಡು ಪಕ್ಕಪಕ್ಕ ಕೂತು ತಿಂದರು.

ಎತ್ತರದ ಮೇಜು

ಹುಟ್ಟುಹಬ್ಬದ ದಿನ ನಾನು ಊರಿಗೆ ಹೋದೆ. ಅಂಗಳದಲ್ಲಿ ಬಫೆ ಮೇಜು ಹಾಕಿದ್ರು. ಬಿಳಿ ಬಟ್ಟೆ, ಹೊಳೆಯೋ ಪಾತ್ರೆ, ಕೆಳಗೆ ಬೆಂಕಿ. ಆಗ ಯಾರೂ ಲೆಕ್ಕಕ್ಕೆ ತಗೊಳ್ಳದ ಒಂದು ಸಂಗತಿ ಕಂಡಿತು. ಮೇಜಿನ ಎತ್ತರ ಮಕ್ಕಳ ಹಣೆಗೆ ಬರ್ತಿತ್ತು. ಬಿಸಿ ಸಾರಿನ ಪಾತ್ರೆ ಸರಿಯಾಗಿ ಅವರ ಮುಖದ ಮಟ್ಟಕ್ಕೆ. 30 ಮಕ್ಕಳು, ಕೈಯಲ್ಲಿ ಬಾಗೋ ತಾಟು, ಮೇಲೆ ಕೈಚಾಚಿ ನಿಂತವು.

ವೈನಿ ಹೆದರಿದಳು. ನಾನು ಜಮಖಾನೆ ಎಳೆದು ತಂದೆ. ಅಣ್ಣ ಇನ್ನೊಂದು ತಂದ. ಉದ್ದಕ್ಕೆ ಹಾಸಿದೆವು. ಮಕ್ಕಳು ಬಂದ ಹಾಗೆ ಕೂತುಬಿಟ್ಟವು, ಯಾವ ಓಣಿ ಯಾವುದು ಅಂತ ಕೇಳದೆ. ಅಣ್ಣನ ಮಗಳು ತನ್ನ ಗೆಳತಿಯ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದಳು. ಬೇಡ ಅಂದಿದ್ದ ಪಂಗತಿ ವಾಪಸ್ ಬಂತು. ಆದರೆ ಒಂದೇ ಸಾಲು.

ಇನ್ನು ಬಡಿಸೋರು ಯಾರು? ಕೇಟರಿಂಗ್ ಹುಡುಗರು ಇಬ್ಬರೇ. ಆಯಿ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದಳು. ಎದ್ದಳು. ಹೋಳಿಗಿ ಬುಟ್ಟಿ ತಗೊಂಡು ಈ ತುದಿಯಿಂದ ಶುರು ಮಾಡಿದಳು. ನಾನು ತುಪ್ಪದ ಗಿಂಡಿ ಹಿಡಿದು ಹಿಂದೆ. ಆ ಮಕ್ಕಳ ಹತ್ತಿರ ಬಂದಾಗ ಏನು ಮಾಡ್ತಾಳೋ ಅಂತ ನನ್ನ ಎದಿ ಡಬಡಬ. ಆಕೆ ನಿಲ್ಲಲಿಲ್ಲ, ಕೈ ಎತ್ತರಿಸಿ ಮೇಲಿಂದ ಹಾಕಲೂ ಇಲ್ಲ. ಬಗ್ಗಿ, ತಾಟಿನಲ್ಲಿ ಇಟ್ಟು ಮುಂದೆ ಹೋದಳು. ಒಂದು ಕೂಸು "ಇನ್ನೊಂದು" ಅಂತು. ವಾಪಸ್ ಬಂದು ಇನ್ನೊಂದು ಇಟ್ಟಳು.

ಇದನ್ನ ಹೇಳಿ ಆಯಿ ಬದಲಾದಳು ಅಂತ ಕತೆ ಮುಗಿಸೋಕೆ ನನಗೆ ಆಸೆ. ಆದರೆ ಅವತ್ತು ರಾತ್ರಿ ಆಕೆ ಊಟ ಮಾಡೋ ಮೊದಲು ಸ್ನಾನ ಮಾಡಿದಳು. ದಣಿವಿಗೆ ಮಾಡಿದಳೋ, ಯಾತಕ್ಕೆ ಮಾಡಿದಳೋ, ನಾನು ಕೇಳಲಿಲ್ಲ. ಇನ್ನೂ ಒಂದು. ಆ ಓಣಿಯ ಮಕ್ಕಳನ್ನ ಕರಕೊಂಡು ಬಂದಿದ್ದ ಒಬ್ಬ ತಾಯಿ ಗೇಟಿನ ಹೊರಗೇ ನಿಂತಿದ್ದಳು. ವೈನಿ ಹೋಗಿ ಕರೆದಳು. "ಇಲ್ರಿ ಅಕ್ಕೋರೆ, ಮನ್ಯಾಗ ಕೆಲಸ ಅದ" ಅಂದಳು. ಎರಡು ಸಲ ಕರೆದರೂ ಒಳಗೆ ಬರಲಿಲ್ಲ. ಒಂದು ಮಧ್ಯಾಹ್ನದ ಜಮಖಾನೆಯಿಂದ ಸಾವಿರ ವರ್ಷದ ಗೇಟು ಯಾಕೆ ತೆಗೀತದೆ?

ಮೆನುವಿನ ಲೆಕ್ಕ ಕೇಳೋರಿಗೆ: ಬಣ್ಣ ಹಾಕದ ಮಂಚೂರಿ ಮೊದಲು ಖಾಲಿ. ಕಟ್ಟಿನ ಸಾರು, ಹೋಳಿಗಿ ಆಮೇಲೆ ಖಾಲಿ. ಪನ್ನೀರ್ ಅರ್ಧ ಉಳೀತು, ರುಮಾಲಿ ರೋಟಿ ತಣ್ಣಗಾಗಿ ಚರ್ಮದ ಹಾಗಾಯ್ತು, ಅದನ್ನ ಹೇಳದಿದ್ರೂ ನಡೀತಿತ್ತು. ನಿಮ್ಮ ಮನಿಯಲ್ಲಿ ಸಣ್ಣ ಮಕ್ಕಳ ಹುಟ್ಟುಹಬ್ಬಕ್ಕೆ ಬಫೆ ಇಡ್ತೀರಾದರೆ ಮೊದಲು ಮೇಜಿನ ಎತ್ತರ ನೋಡ್ರಿ, ಆಮೇಲೆ ಮಂಚೂರಿಯ ಬಣ್ಣ ನೋಡ್ರಿ, ಆಮೇಲೆ ಯಾರಿಗೆ ತಾಟು, ಯಾರಿಗೆ ಡಬ್ಬಿ ಅಂತ ನೋಡ್ರಿ.

ಆ 10 ಡಬ್ಬಿ ಹಾಗೇ ಉಳಿದವು. ಮರುದಿನ ನಾನು ಹೊರಡೋವಾಗ ಆಯಿ ಅದರಲ್ಲೊಂದಕ್ಕೆ ಶೇಂಗಾ ಹಿಂಡಿ ತುಂಬಿ ನನ್ನ ಬ್ಯಾಗಿನಲ್ಲಿ ಇಟ್ಟಳು. ಉಳಿದ ಒಂಬತ್ತರಲ್ಲಿ ಈಗ ವೈನಿ ತೊಗರಿ ಬೇಳೆ, ಜೀರಿಗೆ, ಸಾಸಿವೆ ಹಾಕಿಟ್ಟಾಳಂತೆ.

ಮುಂದಿನ ವಾರ ಮತ್ತೆ ಸಿಗೋಣ. ನಿಮ್ಮ ಮನಿಯ ಪಂಗತಿಯ ನೆನಪು ಇದ್ದರೆ, ಸಿಹಿಯೋ ಕಹಿಯೋ, ಒಂದು ವಾಯ್ಸ್ ನೋಟ್ ಕಳಿಸ್ರಿ. ಬರ್ತೀನ್ರಿ.